ಬಿಸ್ಕೆಟ್‌ನ ಕಿವಿಗಳು

ಕರು ತಲೆ ಕೊಡವಿತು, ಪಟಪಟ ಅಂತ ಸದ್ದು ಬರಬೇಕಿತ್ತು, ಬರಲಿಲ್ಲ, ಅರ್ಧ ಕಿವಿ ಎಷ್ಟು ಸದ್ದು ಮಾಡೀತು — ಚಂದ್ರಮೌಳಿ ಬಕೆಟ್ ಕೆಳಗಿಟ್ಟು ಬೇರೆ ಕಡೆ ನೋಡಿದ, ಎರಡು ತಿಂಗಳಿಂದ ಬೇರೆ ಕಡೆಯೇ ನೋಡುತ್ತಿದ್ದಾನೆ, ಹುಲ್ಲಿನ ಕಡೆ, ನೀರಿನ ತೊಟ್ಟಿಯ ಕಡೆ, ಗೋಡೆಯ ಕಡೆ, ಆದರೆ ಗೋಡೆಯ ಮೇಲೆ ಆ ಹಾಳು ಬಿಳಿ ಬೋರ್ಡು, ಅದರಲ್ಲಿ ಅವನದೇ ಅಕ್ಷರ, ಚಳಿಗಾಲದಲ್ಲಿ ದನದ ಮೈ ಒದ್ದೆಯಾಗಬಾರದು, ಅದರಡಿಯಲ್ಲಿ ಎರಡು ಗೆರೆ, ಗೆರೆಯ ಕೆಳಗೆ ಡೇಲ್‌ನ ಫೋನ್ ನಂಬರು. ಪಕ್ಕದ ಹೊಲದ ಡೇಲ್, ನಲವತ್ತು ವರ್ಷ ದನ ಸಾಕಿದವನು, ಅಕ್ಟೋಬರಿನಲ್ಲಿ ಮೂರು ಜರ್ಸಿ ಹಸು ಟ್ರೈಲರಿನಿಂದ ಇಳಿದ ದಿನ ಹೇಳಿದ್ದು ಅದೊಂದೇ ಮಾತು, ಚಳಿಗೆ ಇವು ಹೆದರುವುದಿಲ್ಲ, ಒದ್ದೆ ಮಾತ್ರ ಆಗಕೂಡದು. ಇವನು ಇಂಜಿನಿಯರಲ್ಲವೇ, ಬರೆದುಕೊಂಡ, ಬರೆದರೆ ತಿಳಿದಂತೆ ಅಂದುಕೊಂಡ. ವಾರದ ಐದು ದಿನ ಡಿಯರ್‌ಬಾರ್ನಿನ ಕಂಪನಿಯಲ್ಲಿ ಕಾರಿನ ಬ್ರೇಕಿನ ಕೆಲಸ, ಶನಿವಾರ ಭಾನುವಾರ ಇಲ್ಲಿ ಗೊಬ್ಬರ, ನಡುವಿನ ದಿನಗಳಲ್ಲಿ ಡೇಲ್ ಬಂದು ನೋಡಿಹೋಗುತ್ತಾನೆ — ಮಾವನವರ ಇಪ್ಪತ್ತೆರಡು ಎಕರೆ, ಆನ್ ಆರ್ಬರಿನಲ್ಲಿ ಡಾಕ್ಟರಾಗಿದ್ದ ಮಾವ ಕೊಂಡು, ಒಂದು ಗಿಡವನ್ನೂ ನೆಡದೆ ಮಗಳಿಗೆ ಬಿಟ್ಟುಹೋದ ಜಮೀನು, ಆ ಮಗಳೇ ಇಳಾ, ಇವನ ಹೆಂಡತಿ, ಅವಳು ಆಗಲೇ ಕೇಳಿದ್ದಳು, ಹಸು ಬಗ್ಗೆ ನಿಂಗೇನ್ ಗೊತ್ತು ಮೌಳಿ? ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದಿದ್ದರೆ ಗಂಟೇನು ಹೋಗುತ್ತಿತ್ತು, ಆದರೆ ಅಂದದ್ದು ನಮ್ಮಜ್ಜನ ಮನೇಲಿ ಕೊಟ್ಟಿಗೆ ತುಂಬ ಹಸು ಇತ್ತು ಕಣೆ, ಸಂಕ್ರಾಂತಿಗೆ ಕಿಚ್ಚು ಹಾಯಿಸ್ತಿದ್ವಿ, ನಾನೇ ಮೈ ತೊಳೀತಿದ್ದೆ. ಅಜ್ಜ ಪೋಸ್ಟ್ ಮಾಸ್ಟರು. ಇವನು ಯಾರದೋ ಎತ್ತುಗಳು ಬೆಂಕಿ ಹಾರಿದ್ದನ್ನು ಕಾಂಪೌಂಡಿನ ಮೇಲೆ ಕೂತು ಒಂದೇ ಒಂದು ಸಲ ನೋಡಿದ್ದ, ಕಡಲೆಪುರಿ ತಿನ್ನುತ್ತಾ.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ, ಹಸುವಿಗಿಂತ ಜಾಸ್ತಿ ತಿನ್ನುತ್ತದೆ ಅದು — ಜನವರಿಯಲ್ಲಿ ವೆಸ್ಟ್‌ಮಂಟಿನಿಂದ ಮಾವನವರ ಹಳೇ ಗೆಳೆಯ ಬದರೀನಾಥ ಅಂಕಲ್ ಫೋನು, ಇಳಾಳಿಂದ ಆ ಕಥೆ ಅವರ ಕಿವಿಗೂ ಬಿದ್ದಿತ್ತು, ಮೌಳಿ, ಸಂಕ್ರಾಂತಿಗೆ ನಿನ್ ಹಸು ನೋಡಕ್ಕೆ ಬರ್ತಿದೀವಪ್ಪ, ಎರಡು ಕಾರು, ನಾಲ್ಕು ಗಂಟೆ ಡ್ರೈವ್ ಮಾಡ್ಕೊಂಡು, ಊರಲ್ ಮಾಡ್ತಿದ್ಯಲ್ಲ ಹಂಗೇ ಮಾಡ್ಬೇಕು. ಕಿಚ್ಚು ಬೇಡ ಅಂಕಲ್, ಕೊಟ್ಟಿಗೆ ಮರದ್ದು, ಅಷ್ಟು ಬುದ್ಧಿ ಇತ್ತು, ಅಲ್ಲಿಗೇ ನಿಲ್ಲಬಾರದಿತ್ತೇ, ಮೈಯಾದರೂ ತೊಳೆದು ಅರಿಶಿನ ಹಚ್ಚಿ ತೋರಿಸೋಣ ಅಂತ ಮನಸ್ಸಿನಲ್ಲೇ ಅಂದುಕೊಂಡ. ಅವರೆಲ್ಲ ಇಳಾಳ ಜೊತೆ ಹತ್ತು ಗಂಟೆಗೆ ಬರುವವರು, ಇವನು ಮಗಳು ಧೃತಿಯನ್ನು ಎಬ್ಬಿಸಿಕೊಂಡು ಏಳಕ್ಕೇ ಬಂದ, ಫ್ಲಾಸ್ಕುಗಳಲ್ಲಿ ಬಿಸಿನೀರು, ಡಬ್ಬಿಯಲ್ಲಿ ಅರಿಶಿನ, ಹಸುಗಳು ಹತ್ತಿರ ಬಿಡಲಿಲ್ಲ, ಒಂದು ಮೊಣಕಾಲಿಗೇ ಒದೆಯಿತು, ಮೂರು ವಾರದ ಕರು ಪಾಪ ಹಿಡಿದಲ್ಲಿ ನಿಂತುಕೊಂಡಿತು, ಅದಕ್ಕೇ ಅದರ ಮೇಲೆ ಅಷ್ಟೂ ನೀರು. ಬೆನ್ನಿಗೆ, ಹೊಟ್ಟೆಗೆ, ಕಿವಿಗೆ. ಅಪ್ಪ, ಇಟ್ಸ್ ಫಿಫ್ಟೀನ್ ಡಿಗ್ರೀಸ್, ಡೋಂಟ್, ಬೋರ್ಡಲ್ಲಿ ಯೂ ರೋಟ್ ಇಟ್. ಫ್ಯಾರನ್‌ಹೀಟ್ ಲೆಕ್ಕದ ಹದಿನೈದು, ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಗೆ. ಹನ್ನೆರಡು ವರ್ಷದ ಹುಡುಗಿ, ಕರು ಹುಟ್ಟಿದ ದಿನ ಬಿಸ್ಕೆಟ್ ಅಂತ ಹೆಸರಿಟ್ಟವಳು, ಅವಳಿಗೆ ಇವನು ಏನಂದ, ನಿಮಗೆಲ್ಲ ನಮ್ಮ ಪದ್ಧತಿ ಏನು ಅರ್ಥವಾಗುತ್ತೆ, ಸುಮ್ನೆ ಹಿಡ್ಕೋ ಅಂದ. ಅವಳು ಗ್ಲೌಸ್ ಹಾಕಿದ ಕೈಯಲ್ಲಿ ಹಗ್ಗ ಹಿಡಿದುಕೊಂಡಳು. ಅರಿಶಿನದ ಒದ್ದೆ ಬಟ್ಟೆಯನ್ನು ಹಿಂಡಿ ಇವನು ಜಾಕೆಟ್ಟಿನ ಬಲಜೇಬಿಗೆ ತುರುಕಿದ, ಆಮೇಲೆ ಎಸೆದರಾಯಿತು ಅಂತ. ಹತ್ತಕ್ಕೆ ಎಲ್ಲರೂ ಬಂದರು, ಅಯ್ಯೋ ಎಷ್ಟು ಲಕ್ಷಣವಾಗಿದೆ, ಹಳದಿ ಕರು, ಗ್ರೂಪಿಗೆ ಫೋಟೋ, ಅಂಕಲ್ ಹೆಂಡತಿ ಪ್ರಭಾ ಆಂಟಿ ಆರತಿ ಎತ್ತಿದರು, ಕರು ನಡುಗುತ್ತಿತ್ತು, ಕುಣೀತಿದೆ ನೋಡು ಅಂದರು ಅಂಕಲ್, ಹೌದು ಅಂಕಲ್ ಅಂದ, ಹೌದು ಅಂದನಲ್ಲ — ಆಮೇಲೆ ಪಕ್ಕದ ಹಳೇ ಮನೆಯಲ್ಲಿ ಹೀಟರ್ ಮುಂದೆ ಕೂತು ಎಳ್ಳುಬೆಲ್ಲ, ಪೊಂಗಲ್, ಇನ್ನೊಂದು ಸೌಟು ಹಾಕು. ಎದ್ದು ಹೋದವಳು ಧೃತಿ ಒಬ್ಬಳೇ. ಬೋರ್ಡಿನ ನಂಬರಿಗೆ ಫೋನ್ ಮಾಡಿದವಳೂ ಅವಳೇ, ಅಪ್ಪನನ್ನು ಕರೆಯಲಿಲ್ಲ, ಡೇಲ್‌ನನ್ನು ಕರೆದಳು.

ಡೇಲ್ ಕರುವನ್ನು ತನ್ನ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಮಲಗಿಸಿ, ಹೀಟರ್ ಪೂರ್ತಿ ಹಾಕಿ, ಟವೆಲ್ಲಿನಿಂದ ಉಜ್ಜಿದ, ಕಿವಿ ಮುಟ್ಟಿ ನೋಡಿದ, ರಟ್ಟಿನ ಹಾಗೆ ಸೆಟೆದಿದ್ದವು, ಆಗ ಸುತ್ತ ನಿಂತವರನ್ನೆಲ್ಲ ನೋಡಿ ಕೇಳಿದ, ಯಾರು ಇದರ ಮೈ ತೊಳೆದಿದ್ದು? ಸಿಟ್ಟಿನಿಂದ ಕೇಳಿದ್ದರೆ ಹೇಳಬಹುದಿತ್ತೇನೋ, ಮೆತ್ತಗೆ ಕೇಳಿದ. ಚಂದ್ರಮೌಳಿ ಎರಡೂ ಕೈ ಜೇಬಿಗೆ ಹಾಕಿದ, ಬಲಗೈಗೆ ಆ ಒದ್ದೆ ಬಟ್ಟೆ ಸಿಕ್ಕಿತು, ಬಿಗಿಯಾಗಿ ಹಿಡಿದುಕೊಂಡ, ಬದರೀನಾಥ ಅಂಕಲ್ ಇವನ ಮುಖ ನೋಡುತ್ತಿದ್ದರು, ಇಳಾ ನೋಡುತ್ತಿದ್ದಳು, ಒಂದು ಮಾತು, ನಾನು, ಎರಡಕ್ಷರ, ಬಾಯಿಯವರೆಗೆ ಬಂದಿತ್ತು — ಐ ಡಿಡ್, ಅಂದಳು ಧೃತಿ. ಐ ವಾಶ್ಡ್ ಹಿಮ್, ಅರಿಶಿನ ಆಂಡ್ ಆಲ್. ಇವನನ್ನು ನೋಡಲೂ ಇಲ್ಲ, ಅವಳಿಗೆ ಇವನ ಮೇಲೆ ಕನಿಕರ, ಥೂ, ಹನ್ನೆರಡು ವರ್ಷದ ಮಗಳು ಅಪ್ಪನ ಮೇಲೆ ಕನಿಕರ ಪಡುವುದೆಂದರೇನು. ಇಳಾ ಎಲ್ಲರೆದುರಿಗೇ ಬೈದಳು, ಬುದ್ಧಿ ಇದ್ಯಾ ನಿಂಗೆ, ಜೀವ ಅದು, ಆಟದ ಸಾಮಾನಲ್ಲ, ಇನ್ಮೇಲೆ ಕೊಟ್ಟಿಗೆ ಕಡೆ ಕಾಲಿಟ್ಟೀಯಾ ಜೋಕೆ. ಇವನು ಹೋಗಲಿ ಬಿಡು ಇಳಾ, ಮಗು, ಅಂದ. ಕ್ಷಮಿಸುವವನ ಹಾಗೆ ಅಂದ. ಫೆಬ್ರವರಿಯಲ್ಲಿ ಕಿವಿಯ ತುದಿಗಳು ಕಪ್ಪಾದವು, ಒಂದು ಭಾನುವಾರ ಹುಲ್ಲಿನಲ್ಲಿ ಒಂದು ಚೂರು ಸಿಕ್ಕಿತು, ಒಣಗಿದ ಎಲೆ ಅಂದುಕೊಂಡು ಎತ್ತಿಕೊಂಡ. ಧೃತಿ ಆಮೇಲೆ ಒಮ್ಮೆಯೂ ಬಂದಿಲ್ಲ, ಬರಲಾ ಅಂತ ಕೇಳಿಯೂ ಇಲ್ಲ, ಪ್ರತಿ ವಾರ ಹೊರಡುವಾಗ ಇಂದು ಇಳಾಗೆ ಹೇಳುತ್ತೇನೆ ಅಂದುಕೊಳ್ಳುತ್ತಾನೆ, ಹೆದ್ದಾರಿಯಿಂದ ಇಲ್ಲಿಗೆ ತಿರುಗುವ ಚೆಲ್ಸಿ ಎಕ್ಸಿಟ್ ಬರುವಷ್ಟರಲ್ಲಿ ಮುಂದಿನ ವಾರ ಆಗಿರುತ್ತದೆ. ಕಳೆದ ಶನಿವಾರ ಇವನಿಗೆ ಡಿಯರ್‌ಬಾರ್ನಿನಲ್ಲಿ ಕೆಲಸ, ಹುಲ್ಲು ಹಾಕಲು ಇಳಾ ಒಬ್ಬಳೇ ಬಂದಿದ್ದಳು, ವಾಪಸು ಬಂದವಳು ವಾರವಿಡೀ ಸಾರು ಬಡಿಸಿದಳು, ಬಟ್ಟೆ ಮಡಿಸಿದಳು, ನಿನ್ನೆ ಮಾತ್ರ, ನಾಳೆ ಧೃತೀನೂ ಬರ್ತಾಳೆ, ಅಷ್ಟೇ ಅಂದಳು. ಕಾರಿನಲ್ಲಿ ಅಮ್ಮ ಮಗಳು ಹಿಂದೆ, ಇವನೊಬ್ಬನೇ ಮುಂದೆ, ಈಗ ಅವರು ಹೊರಗೆ ಬೂಟು ಹಾಕಿಕೊಳ್ಳುತ್ತಿದ್ದಾರೆ, ಬಾ ಪುಟ್ಟಿ, ಇಳಾಳ ದನಿ, ಕರು ಆ ಅರ್ಧ ಕಿವಿಗಳನ್ನೇ ಬಾಗಿಲ ಕಡೆ ತಿರುಗಿಸಿತು, ಅವಳ ಹೆಜ್ಜೆ ಅದಕ್ಕೆ ಗೊತ್ತು — ಚಳಿ, ಒಳಗೂ ಚಳಿ, ಜಾಕೆಟ್ ಹಾಕಿಕೊಳ್ಳೋಣವೆಂದು ಬೋರ್ಡಿನ ಪಕ್ಕದ ಮೊಳೆಗೆ ಕೈ ಹಾಕಿದ, ಜನವರಿಯಿಂದ ಅಲ್ಲೇ ತೂಗುತ್ತಿರುವ ಜಾಕೆಟ್ಟು, ಬಟ್ಟೆಯನ್ನು ಅಂದೇ ಎಸೆದಿದ್ದ, ಜಾಕೆಟ್ ಮುಟ್ಟಿರಲಿಲ್ಲ. ಅದರ ಬಲಜೇಬನ್ನು ಯಾರೋ ಹೊರಕ್ಕೆ ಎಳೆದು ಬಿಟ್ಟಿದ್ದಾರೆ. ಯಾರೋ ಏನು, ಇಳಾ, ಕಳೆದ ಶನಿವಾರ. ಜೇಬಿನ ಒಳಬಟ್ಟೆ ಪೂರ್ತಿ ಹಳದಿ, ಒಣಗಿ ಗಟ್ಟಿಯಾಗಿದೆ, ಒಳಕ್ಕೆ ತಳ್ಳಿದ, ಹೊರಗೆ ಬಂತು, ಹೆಜ್ಜೆ ಬಾಗಿಲ ಹತ್ತಿರ, ಎರಡು ಜೊತೆ ಹೆಜ್ಜೆ, ಮತ್ತೆ ತಳ್ಳಿದ, ಹೇಳು, ಈಗಲಾದರೂ ಅವರು ಕೇಳುವ ಮೊದಲು ಹೇಳು, ಕೈ ಬಿಟ್ಟ, ಜೇಬು ಮತ್ತೆ ಹೊರಗೆ ಬಂತು, ಹಳದಿ ಜೇಬು, ಹೊರಗೆ ತೂಗುವ ಹಳದಿ ಜೇಬು