ಕಸ ಹೊತ್ತು ತಂದ ಕನ್ನಡಿಯಕ್ಕ

ಅವಳು ಗುಡಿಸಿದ ಬೀದಿಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಯಾರೋ ಹೊಗಳಿದ್ದೇ ನೆಪ, ಊರಿಗೆಲ್ಲ ಅವಳು ಕನ್ನಡಿಯಕ್ಕ ಆಗಿಬಿಟ್ಟಳು. ಇಪ್ಪತ್ತು ವರ್ಷದಿಂದ ಉದ್ದ ಹಿಡಿಯ ಪೊರಕೆ ಹಿಡಿದ ಕೈ. ಒಂದು ಒಣಗಿದ ಎಲೆ ಕಣ್ಣಿಗೆ ಬಿದ್ದರೆ ಸಾಕು, ಅಂಗೈ ತುರಿಸುತ್ತದೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಅವಳು ಮೊದಲು ನೋಡುವುದು ಮೂಲೆಗಳನ್ನೇ.

ಮಾತಿನಲ್ಲಿ ಅವಳಿಗೆ ಸಮಸಮ ನಿಲ್ಲುವವರು ಅತ್ತೆ ಒಬ್ಬರೇ. ಇಬ್ಬರದೂ ಎಣ್ಣೆ ಸೀಗೆಕಾಯಿ. ಗಂಡ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ. ಆ ಎರಡು ದಿನವೂ ಲಾರಿಯ ಕೆಳಗೆ ಮಲಗಿ ಏನೋ ರಿಪೇರಿ ಮಾಡುತ್ತಿದ್ದ. ಜಾಣ.

ಅಂಥ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. "ಎರಡು ತಿಂಗಳೊಳಗೆ ಕೋಲು ಬಿಟ್ಟು ನಡೀದಿದ್ರೆ ಮುಂದೆ ಹಾಸಿಗೇನೇ ಗತಿ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಕೋಲು ಬಿಡುವುದಿರಲಿ, ಅತ್ತೆ ಅದನ್ನು ಹಿಡಿಯಲೂ ಒಲ್ಲೆ ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಸೊಸೆ ಬೇಡಿದಳು, ಗದರಿದಳು, ಉಹೂಂ. ದಿನಾ ತನ್ನನ್ನು ಬೈಯುತ್ತಿದ್ದ ಬಾಯಿಗೆ ಬೀಗ ಬಿದ್ದದ್ದು ಕಂಡು ಕನ್ನಡಿಯಕ್ಕನ ಕರುಳು ಚುರ್ ಎಂದಿತು.

ಕೊನೆಗೆ ಅತ್ತೆಯನ್ನು ಎಬ್ಬಿಸಿದ್ದು ಒಂದು ಹಕ್ಕಿ. ಮನೆಯ ಹಿಂದೆ ಯಾರಿಗೂ ಬೇಡವಾದ ಒಂದು ತುಂಡು ಜಾಗ. ಎದೆಯೆತ್ತರದ ಮುಳ್ಳುಪೊದೆ, ಅದರಡಿ ವರ್ಷಗಟ್ಟಲೆ ಉದುರಿದ ಎಲೆ. ಒಂದು ಬೆಳಿಗ್ಗೆ ಅಲ್ಲಿಂದ ಪರಪರ ಸದ್ದು.

"ಯಾರೇ ಅದು ಹಿತ್ತಲಲ್ಲಿ?" ಎನ್ನುತ್ತ ಅತ್ತೆ ಕೋಲೂರಿ ಎದ್ದೇಬಿಟ್ಟರು. ಕಿಟಕಿಯವರೆಗೆ ನಾಲ್ಕು ಹೆಜ್ಜೆ. ನೋಡಿದರೆ ಹಿಡಿಗಾತ್ರದ ಹಕ್ಕಿ. ಕಪ್ಪು ತಲೆ, ಕೆಂಪು ಕಣ್ಣು, ರೆಕ್ಕೆಯ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕಿ. ಎರಡೂ ಕಾಲಲ್ಲಿ ಒಟ್ಟಿಗೆ ಮುಂದಕ್ಕೆ ನೆಗೆದು, ಒಟ್ಟಿಗೆ ಹಿಂದಕ್ಕೆ ಎಳೆದು ಎಲೆ ಕೆದರುತ್ತಿತ್ತು. ಅಡಿಯಲ್ಲಿ ಸಿಕ್ಕ ಹುಳು ಗುಳುಂ. ಆಮೇಲೆ ಪೊದೆಯ ತುದಿಗೇರಿ, ಗಂಟಲು ಉಬ್ಬಿಸಿ ಒಂದು ಹಾಡು, ಹಾಡಿನ ಕೊನೆಗೆ ಹೊಲಿಗೆ ಯಂತ್ರ ಓಡಿದ ಹಾಗೆ ಟರ್‌ರ್.

"ನೋಡೇ, ನಿನ್ನ ಕಸುಬಿನವನೇ," ಎಂದರು ಅತ್ತೆ. "ಆದ್ರೆ ಇವನು ಗುಡಿಸಲ್ಲ, ಹರಡ್ತಾನೆ."

ಅಂದಿನಿಂದ ದಿನಕ್ಕೆ ಆರು ಸಲ ಕಿಟಕಿ. ಹೆಣ್ಣೂ ಬಂದು ಪೊದೆಯ ಬುಡವನ್ನೆಲ್ಲ ಸುತ್ತಿ ನೋಡಿ ಹೋಯಿತು. "ಗೂಡು ಕಟ್ಟೋ ಯೋಚನೆ ಇದೆ ಕಣೇ" ಎಂದು ಅತ್ತೆ ಗುಟ್ಟು ಹೇಳುವಂತೆ ಹೇಳಿದರು. ಕನ್ನಡಿಯಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಾಣಂತನಕ್ಕೆ ಬರುವವರಿಗೆ ಇಂಥ ಕೊಳಕು ಜಾಗವೇ? ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಪೊರಕೆ ಎತ್ತಿಕೊಂಡಳು. ಪೊದೆಯ ಅಡಿ ಮೊಣಕಾಲೂರಿ ನುಗ್ಗಿ, ಏಳು ಚೀಲ ಎಲೆ ತುಂಬಿ ಕಸದ ಗಾಡಿಗೆ ಸಾಗಿಸಿದಳು. ನೆಲ ಫಳಫಳ. ಒಂದು ಬಟ್ಟಲು ನೀರೂ ಇಟ್ಟು, ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಸೋಮವಾರ ಹಕ್ಕಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅತ್ತೆ ಮತ್ತೆ ಗೋಡೆಯ ಕಡೆ ತಿರುಗಿದರು.

"ಅವಕ್ಕೇ ಅಂತ ಚೊಕ್ಕ ಮಾಡಿದ್ದೆ ಅತ್ತೆ."

"ಅದರ ಅಡುಗೆಮನೇನೇ ಎತ್ತಿ ಎಸೆದುಬಿಟ್ಯಲ್ಲೇ," ಎಂದರು ಅತ್ತೆ, ಸಣ್ಣ ದನಿಯಲ್ಲಿ. ಜೋರಾಗಿ ಬೈದಿದ್ದರೆ ಸೊಸೆಗೆ ಅಷ್ಟು ಅಳು ಬರುತ್ತಿರಲಿಲ್ಲ.

ಮರುದಿನ ಬೀದಿ ಗುಡಿಸಿದ ಎಲೆಯನ್ನು ಗಾಡಿಗೆ ಹಾಕದೆ, ಚೀಲಕ್ಕೆ ತುಂಬಿ, ತಲೆಯ ಮೇಲೆ ಹೊತ್ತು ಮನೆಯ ಕಡೆ ಹೊರಟಳು. ಬೀದಿ ಗುಡಿಸುವವರ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಅಡ್ಡ ಹಾಕಿದ.

"ಏನಕ್ಕಾ ಚೀಲದಲ್ಲಿ?"

"ಕಸ."

"ಅದು ನಂಗೂ ಕಾಣ್ತದೆ. ಕಸದೊಳಗೆ?"

"ಕಸ."

ಮೇಸ್ತ್ರಿ ನಂಬುವ ಪೈಕಿಯಲ್ಲ. ಚೀಲ ಸುರಿಸಿ, ಮೊಣಕೈವರೆಗೆ ಕೈ ಹಾಕಿ ತಡಕಾಡಿದ. ಎಲೆ, ಕಡ್ಡಿ, ಒಂದು ಎರೆಹುಳು. ಆ ಎರೆಹುಳುವನ್ನು ಅವಳು ಜೋಪಾನವಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡದ್ದು ನೋಡಿ ಅವನಿಗೆ ಗಾಬರಿಯಾಯಿತು.

"ಮನೇಲಿ ಎಲ್ಲಾ ಹುಷಾರಾಗಿದ್ದೀರ ತಾನೆ?"

ಅವಳು ನಡೆದದ್ದೆಲ್ಲ ಹೇಳಿದಳು. ಮೇಸ್ತ್ರಿ ತಲೆ ಕೆರೆದುಕೊಂಡ. "ಹಂಗಾದ್ರೆ ಪಾರ್ಕಿನ ಹಿಂದಿನ ಎಲೆ ತಗೊಂಡು ಹೋಗು. ಚೆನ್ನಾಗಿ ಕೊಳೆತದೆ, ಹುಳ ಜಾಸ್ತಿ."

ಕನ್ನಡಿಯಕ್ಕ ಕಸ ಹೊತ್ತು ಮನೆ ತುಂಬಿಸುತ್ತಿದ್ದಾಳೆ ಎಂದು ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗಲಿ ಬಿಡಿ. ನಿಜವಾದ ಕಷ್ಟ ಬೇರೆಯೇ ಇತ್ತು: ಹರಡುವುದು ಅವಳ ಕೈಗೆ ಬಾರದ ವಿದ್ಯೆ. ಸುರಿದದ್ದೆಲ್ಲ ಅವಳಿಗೇ ಗೊತ್ತಿಲ್ಲದೆ ಅಂದವಾದ ಗುಡ್ಡೆಯಾಗುತ್ತಿತ್ತು. ಕೊನೆಗೆ ಪೊರಕೆ ಬಿಸಾಕಿ, ಸೀರೆ ಎತ್ತಿ ಕಟ್ಟಿ, ಹಕ್ಕಿಯ ಹಾಗೇ ಎರಡೂ ಕಾಲಲ್ಲಿ ನೆಗೆದು ಹಿಂದಕ್ಕೆ ಎಳೆದಳು. ಪರಪರ. ಆ ಸದ್ದಿಗೆ ಕೋಲೂರಿ ಕಿಟಕಿಗೆ ಬಂದ ಅತ್ತೆ ಕಿಸಕ್ಕನೆ ನಕ್ಕರು.

"ಇನ್ನೂ ಸ್ವಲ್ಪ ಎಡಕ್ಕೆ ನೆಗಿ," ಎಂದರು. "ಅಲ್ಲಿ ನೆಲ ಕಾಣ್ತಿದೆ."

ಇಪ್ಪತ್ತು ಚೀಲ ಹೊತ್ತ ಮೇಲೆ, ಹನ್ನೊಂದನೆಯ ದಿನ, ಪೊದೆಯಡಿಯಿಂದ ಮತ್ತೆ ಪರಪರ. ಈ ಸಲ ಕೆದರುವವರು ಇಬ್ಬರು. ಗೂಡಾಯಿತು, ಮೊಟ್ಟೆಯಾಯಿತು, ಮೂರು ಮರಿ ಆದವು. ಅತ್ತೆ ಹಿತ್ತಲ ಬಾಗಿಲವರೆಗೂ ಬರತೊಡಗಿದರು. ಆದರೆ ಕೋಲು ಬಿಡಲು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಉಳಿದದ್ದು ನಾಲ್ಕೇ ದಿನ.

ಅಂದು ಮರಿಗಳು ಹೊರಗೆ ಬಂದು ಕೆದರುವುದನ್ನು ಕಲಿಯುತ್ತಿದ್ದವು. ನೆಗೆದರೆ ಎಲೆಗಿಂತ ಮೊದಲು ತಾವೇ ಮಗುಚಿ ಬೀಳುತ್ತಿದ್ದವು. ಗಾಳಿಗೆ ಒಂದಷ್ಟು ಎಲೆ ಹಿತ್ತಲ ಮೆಟ್ಟಿಲ ಮೇಲೆ ಬಂದು ಬಿದ್ದಿತ್ತು. ಕನ್ನಡಿಯಕ್ಕನ ಅಂಗೈ ತುರಿಸಿತು. ಮೆಟ್ಟಿಲೊಂದೇ ತಾನೆ ಎಂದುಕೊಂಡು ಪೊರಕೆ ಎತ್ತಿದಳು. ಪರಕ್, ಪರಕ್, ಎರಡೇ ಎಳೆತ.

"ಏಯ್, ಮುಟ್ಟಿದ್ರೆ ನೋಡು ಮತ್ತೆ."

ಅತ್ತೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಹೊಸ್ತಿಲಾಚೆಗೆ ದಾಪುಗಾಲು ಹಾಕಿ ಬಂದು, ಎರಡು ಮೆಟ್ಟಿಲಿಳಿದು, ಪೊರಕೆ ಕಿತ್ತುಕೊಂಡರು. "ಇಪ್ಪತ್ತು ಚೀಲ ಹೊತ್ತದ್ದು ಇಷ್ಟು ಬೇಗ ಮರೆತೋಯ್ತಾ? ಅದೇನು ಕೈಯೋ, ಏನು ಕಥೆಯೋ. ಇಂಥ ಸೊಸೇನ ಕಟ್ಕೊಂಡು..." ಬೈಗುಳ ಧಾರಾಕಾರವಾಗಿ ಸುರಿಯಿತು. ಎಷ್ಟು ದಿನವಾಗಿತ್ತು ಇದನ್ನು ಕೇಳಿ. ಕನ್ನಡಿಯಕ್ಕ ಕಿವಿ ತುಂಬ ಕೇಳಿಸಿಕೊಂಡಳು.

"ಅತ್ತೆ, ನಿಮ್ಮ ಕೋಲೆಲ್ಲಿ?"

ಅತ್ತೆ ಕೈ ನೋಡಿಕೊಂಡರು. ಕೈಯಲ್ಲಿದ್ದದ್ದು ಪೊರಕೆ, ಅದೂ ನೆಲಕ್ಕೆ ಊರಿರಲಿಲ್ಲ. ಕೋಲು ಒಳಗೆ ಕಿಟಕಿಗೆ ಒರಗಿ ತನ್ನ ಪಾಡಿಗೆ ತಾನು ನಿಂತಿತ್ತು. ಅತ್ತೆ ಕೋಲು ನೋಡಿದರು, ತಮ್ಮ ಕಾಲು ನೋಡಿದರು, ಸೊಸೆಯ ಮುಖ ನೋಡಿದರು.

"ಮಾತು ಮರೆಸ್ಬೇಡ," ಎಂದರು. "ಮೊದಲು ಆ ಎಲೆ ಎಲ್ಲಿತ್ತೋ ಅಲ್ಲೇ ಹಾಕು."

ಕನ್ನಡಿಯಕ್ಕ ಅಳುತ್ತ, ನಗುತ್ತ, ಗುಡಿಸಿದ್ದ ಎಲೆಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ಮೇಲೆ ಹರಡಿದಳು.