ಹತ್ತು ಹೆಜ್ಜೆ ಮಾತಿಲ್ಲದೆ

ಆ ಶನಿವಾರ ಬೆಳಿಗ್ಗೆ ಅಕ್ಕನ ಬಲಗೈಗೆ ಮಾಡಲು ಕೆಲಸವೇ ಇರಲಿಲ್ಲ. ಒಂಬತ್ತು ವರ್ಷದಿಂದ ಅವಳು ರಸ್ತೆಗಿಳಿದಾಗಲೆಲ್ಲ ಆ ಕೈಯೊಳಗೆ ಯಾವುದಾದರೊಂದು ಪುಟ್ಟ ಅಂಟಂಟು ಕೈ ಇದ್ದೇ ಇರುತ್ತಿತ್ತು. ಈಗ ನಗರದ ಬಸ್ ನಿಲ್ದಾಣದಲ್ಲಿ ಇಳಿದು ನಿಂತರೆ ಕೈ ಖಾಲಿ. ಎದುರಿನಿಂದ ಜನ ನುಗ್ಗಿದಾಗ ತಡೆಯಲಾರದೆ ಗಂಡನ ಮಣಿಕಟ್ಟನ್ನೇ ಹಿಡಿದು ಪಕ್ಕಕ್ಕೆಳೆದಳು.

“ನಾನು ಕಳೆದುಹೋಗಲ್ಲ ಕಣೇ,” ಎಂದ ಅವನು. “ಹೋದ್ರೂ ಹೆಸರು, ವಿಳಾಸ ಹೇಳೋಕೆ ಬರುತ್ತೆ ನಂಗೆ.”

ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕತ್ತರಿ ಮೇಜಿನ ಯಜಮಾನಿ. ನಲವತ್ತು ಪದರ ನೀಲಿ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಅರ್ಧ ಬೆರಳು ತಪ್ಪಿದರೆ ನಲವತ್ತು ಕಾಲರು ಕಸದ ಬುಟ್ಟಿಗೆ. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಅಕ್ಕನೇ. ಅಂಗಿಯ ಪಟ್ಟಿಗೆ ಸದಾ ನಾಲ್ಕು ಗುಂಡುಸೂಜಿ ಚುಚ್ಚಿಕೊಂಡಿರುತ್ತಾಳೆ. ಅವು ತುಟಿಗಳ ನಡುವೆ ಬಂದವೆಂದರೆ ಅಕ್ಕ ಈಗ ಮಾತಾಡಲಾರಳು ಎಂದರ್ಥ. ಇಡೀ ಕೋಣೆಗೆ ಅಷ್ಟು ಹೊತ್ತು ಬಿಡುವು.

ಮೂವರು ಮಕ್ಕಳನ್ನೂ ಬಿಟ್ಟು ಎರಡು ದಿನ ತಿನ್ನುತ್ತಾ ಸುತ್ತುವುದೆಂದರೆ ಅವಳಿಗೆ ಕಳ್ಳತನ ಮಾಡಿದಷ್ಟೇ ಅಳುಕು. ಬಾಗಿಲಲ್ಲಿ ಮೂರನೇ ಸಲ ಹಿಂದಿರುಗಿ ನೋಡಿದಾಗ ಅತ್ತೆ ಗದರಿದ್ದರು. “ನಾನೂ ಮೂರು ಮಕ್ಕಳನ್ನ ಸಾಕಿದವಳೇ. ಅದರಲ್ಲೊಬ್ಬನ್ನ ನೀನೇ ಕಟ್ಕೊಂಡಿದ್ದೀಯ. ಮಾಲು ಕೆಟ್ಟಿದೆಯಾ? ಇಲ್ಲ ತಾನೆ? ಹೊರಡು.”

ಹೊರಡಲೇಬೇಕಿತ್ತು, ಇಲಿಗಾಗಿ. ಇಲಿ ಎಂದರೆ ಅಕ್ಕನ ತಂಗಿ, ಹನ್ನೊಂದು ವರ್ಷ ಚಿಕ್ಕವಳು. ನೆಂಟರು ಬಂದರೆ ಬೀರುವಿನ ಸಂದಿಗೆ ಸೇರಿಕೊಳ್ಳುತ್ತಿದ್ದಳೆಂದು ಬಂದ ಹೆಸರು, ಡಿಗ್ರಿ ಮುಗಿದರೂ ಹೋಗಲಿಲ್ಲ. ಈಗ ಇದೇ ನಗರದ ಹಾಸ್ಟೆಲ್ಲಿನಲ್ಲಿದ್ದು ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದಳು. ಡೈರಿಯಲ್ಲಿ ದಿನಕ್ಕೆ ನಾಲ್ಕು ಪುಟ ಬರೆಯುತ್ತಾಳೆ. ಸಂದರ್ಶನದಲ್ಲಿ ಕೂರಿಸಿದರೆ ನಾಲ್ಕು ಮಾತು ಹೊರಡುವುದಿಲ್ಲ. ಕೊನೆಗೊಂದು ಪ್ರವಾಸದ ಕಚೇರಿಯ ಯಜಮಾನಿ ಮಾತಿನ ಪರೀಕ್ಷೆ ಬಿಟ್ಟು ಬರೆಯುವ ಪರೀಕ್ಷೆ ಕೊಟ್ಟಿದ್ದಳು. ಮಕ್ಕಳನ್ನು ಮನೆಯಲ್ಲಿ ಬಿಟ್ಟುಬಂದ ಗಂಡಹೆಂಡಿರಿಗೆ ಎರಡು ದಿನದ ನಡಿಗೆ, ಐದು ಕಡೆ ಊಟತಿಂಡಿ. ನಿಜವಾದ ದಂಪತಿಯೊಬ್ಬರು ಅದರ ಪ್ರಕಾರ ನಡೆದು ಸಹಿ ಹಾಕಬೇಕು. ಸೋಮವಾರ ಹತ್ತು ಗಂಟೆಗೆ ಕಾಗದ ಮೇಜಿನ ಮೇಲಿರಬೇಕು.

“ನೀನೂ ಬಾರೇ ಜೊತೆಗೆ,” ಎಂದು ಅಕ್ಕ ಫೋನಿನಲ್ಲಿ ಕರೆದಿದ್ದಳು.

“ನಾನು ಬಂದ್ರೆ ನೀನು ನಕ್ಷೆ ನೋಡಲ್ಲ, ನನ್ನ ಮುಖ ನೋಡ್ತೀಯ,” ಎಂದಿತ್ತು ಇಲಿ.

ನಕ್ಷೆ ಬರೆದದ್ದು ಅಕ್ಕನ ಕತ್ತರಿ ಮೇಜಿನಿಂದಲೇ ಒಯ್ದ ಕಂದು ಹಾಳೆಯ ಮೇಲೆ, ಅಂಗಿಯ ಅಳತೆ ಬರೆಯುವಂಥ ತೆಳು ಪೆನ್ಸಿಲ್ಲಿನಲ್ಲಿ. ದೂರವನ್ನೆಲ್ಲ ಹೆಜ್ಜೆಯಲ್ಲಿ ಎಣಿಸಿತ್ತು. “ನಿಲ್ದಾಣದ ಹಿಂಬಾಗಿಲಿನಿಂದ ಹೊರಡಿ. ಮುಂಬಾಗಿಲಿನಲ್ಲಿ ಹಾರನ್ನಿನ ಗದ್ದಲ, ಹಿಂಬಾಗಿಲಿನಲ್ಲಿ ಬ್ರೆಡ್ಡಿನ ವಾಸನೆ. ನನಗೆ ನೂರ ನಲವತ್ತು ಹೆಜ್ಜೆ. ಅಕ್ಕನಿಗೆ ಅವಸರವಾದ್ದರಿಂದ ನೂರ ಇಪ್ಪತ್ತು.”

ಅಕ್ಕ ಬಾಯಲ್ಲೇ ಎಣಿಸುತ್ತಾ ನಡೆದಳು. ನೂರ ಹತ್ತೊಂಬತ್ತಕ್ಕೆ ಬೇಕರಿಯ ಹೊಸ್ತಿಲು.

“ಒಂದು ತಪ್ಪಿತು,” ಎಂದ ಮೆಕ್ಯಾನಿಕ್.

“ನನ್ನ ಚಪ್ಪಲಿ ಹೊಸದು,” ಎಂದಳು ಅಕ್ಕ. ತಂಗಿಯ ಅಳತೆ ತಪ್ಪಿತೆಂದು ಒಪ್ಪುವವಳೇ ಅವಳು?

ಬ್ರೆಡ್ಡು ಬಂತು, ಮೇಲೆ ಗರಿಗರಿ, ಒಳಗೆ ಹಬೆ. ಮಾತಾಡುತ್ತಲೇ ಅಕ್ಕ ಅದನ್ನು ಚೂರುಚೂರು ಮಾಡಿ, ಒಂದೊಂದನ್ನೂ ಊದಿ, ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಗಂಡ ಆ ಸಾಲನ್ನು ಎಣಿಸಿದ. “ಯಾರ ಬಾಯಿಗೆ ಇದು? ನಂಗೆ ಹಲ್ಲು ಬಂದು ಬಹಳ ದಿನ ಆಯ್ತು.” ಅವಳು ನಾಚಿ, ಒಂದು ದೊಡ್ಡ ತುಂಡನ್ನು ಇಡಿಯಾಗಿ ಬಾಯಿಗಿಟ್ಟುಕೊಂಡಳು. ಬಿಸಿ ಬ್ರೆಡ್ಡನ್ನು ಬಿಸಿಯಾಗಿಯೇ ತಿಂದು ಎಷ್ಟು ವರ್ಷವಾಗಿತ್ತೋ. ಕಣ್ಣಲ್ಲಿ ನೀರು ಬಂತು, ನಾಲಿಗೆ ಸುಟ್ಟಿದ್ದಕ್ಕೇ.

ಅಲ್ಲಿಂದ ಗಡಿಯಾರ ರಿಪೇರಿಯವರ ಗಲ್ಲಿ. ಅಲ್ಲಿ ಏಳು ಅಂಗಡಿಯಲ್ಲಿ ಏಳು ಹೊತ್ತು, ನಂಬಬೇಡಿ ಎಂದು ಬರೆದಿತ್ತು, ಹಾಗೇ ಇತ್ತು. ಆಮೇಲೆ ಹಳೆಯ ಸೇತುವೆ. ನಾಲ್ಕನೇ ಕಂಬದ ಬಳಿ ನಿಂತರೆ ರೈಲು ಹೋಗುವಾಗ ಅಂಗಾಲಿಗೆ ಕಚಗುಳಿ ಎಂದಿತ್ತು. ರೈಲು ಬಂತು, ಮೆಕ್ಯಾನಿಕ್ ಚಪ್ಪಲಿ ಬಿಟ್ಟು ನಿಂತು ಮಗುವಿನ ಹಾಗೆ ನಕ್ಕ. ಹೆಜ್ಜೆ ಹೆಜ್ಜೆಗೂ ಅಕ್ಕನ ಎದೆ ಒಂದು ಗುಂಡಿ ಸಡಿಲವಾಗುವಷ್ಟು ಉಬ್ಬುತ್ತಿತ್ತು. ಗೊತ್ತಿಲ್ಲದವರಿಗೂ ಹಾಳೆ ಬಿಡಿಸಿ ತೋರಿಸಿದಳು. “ನಮ್ಮ ತಂಗಿ ಬರೆದದ್ದು. ನೋಡಿ, ಚರಂಡಿ ಮುಚ್ಚಳ ಸಮೇತ ಹಾಕಿದ್ದಾಳೆ.”

ಮಧ್ಯಾಹ್ನ ಸೂಪಿನ ಅಂಗಡಿ. ನಾಲ್ಕೇ ಮೇಜು, ಆವಿ ಹಿಡಿದ ಕಿಟಕಿ, ದಪ್ಪ ತೋಳಿನ ಸೂಪಿನಾಕೆ. ನಕ್ಷೆಯಲ್ಲಿ ಅದರ ಪಕ್ಕ ಹೀಗಿತ್ತು: “ಇಲ್ಲಿಂದ ಹೊರಬಂದವರು ಹತ್ತು ಹೆಜ್ಜೆ ಮಾತಾಡುವುದಿಲ್ಲ. ಹನ್ನೊಂದನೆಯದಕ್ಕೆ ಒಬ್ಬರು ನಿಂತು ಇನ್ನೊಬ್ಬರ ಮುಖ ನೋಡುತ್ತಾರೆ.”

ಸುಟ್ಟ ಟೊಮೆಟೊ, ಬೆಂದ ಬೀನ್ಸು, ಮೇಲೆ ಮೆಣಸಿನ ಎಣ್ಣೆಯ ಕೆಂಪು ಚುಕ್ಕಿ. ಎರಡು ಚಮಚ ಒಳಗಿಳಿಯುತ್ತಲೇ ಅಕ್ಕ ಹಾಳೆ ತೆಗೆದಳು. “ನಮ್ಮ ತಂಗಿ ನಿಮ್ಮಲ್ಲಿ ತಿಂದು ಇದನ್ನ ಬರೆದಿದ್ದಾಳೆ. ಸಣ್ಣಗಿದ್ದಾಳೆ, ಉದ್ದ ಜಡೆ, ನೀಲಿ ಚೀಲ. ನೆನಪಿದೆಯಾ?”

ಸೂಪಿನಾಕೆಯ ಸೌಟು ಗಾಳಿಯಲ್ಲೇ ನಿಂತಿತು. “ನೀಲಿ ಚೀಲ? ಎದುರಿನ ಬಸ್ ಸ್ಟಾಪಲ್ಲಿ ಕೂತು ನಮ್ಮನ್ನೇ ನೋಡ್ಕೊಂಡು ಬರೀತಿದ್ಲಲ್ಲ, ಅವಳಾ? ಅಯ್ಯೋ ತಾಯಿ! ನಾವು ಆರೋಗ್ಯ ಇಲಾಖೆ ಇನ್‌ಸ್ಪೆಕ್ಟರ್ ಅಂದ್ಕೊಂಡ್ವಿ. ಮೂರು ವಾರ ದಿನಕ್ಕೆರಡು ಸಲ ನೆಲ ಒರೆಸಿದ್ದೀನಿ. ಸೊಂಟ ಬಿದ್ದುಹೋಯ್ತು!”

“ಒಳಗೆ ಬರಲಿಲ್ವಾ?”

“ಒಂದ್ಸಲ ಬಾಗಿಲ ತನಕ ಬಂದ್ಲು. ‘ಏನು ಬೇಕಮ್ಮ’ ಅಂದೆ. ‘ಏನಿಲ್ಲ’ ಅಂತ ತಿರುಗಿ ಓಡಿದ್ಲು.”

ಅಕ್ಕ ಚಮಚ ಕೆಳಗಿಟ್ಟಳು. ಹಾಳೆಯನ್ನು ಈ ಸಲ ಕತ್ತರಿ ಮೇಜಿನ ಕಣ್ಣಿನಿಂದ ಓದಿದಳು. ಬಾಗಿಲು ಯಾವ ಬಣ್ಣ, ಒಲೆ ಯಾವ ಹೊತ್ತಿಗೆ ಹತ್ತುತ್ತದೆ, ಬಂದವರು ಹೇಗೆ ಬಂದರು, ಹೋದವರ ಮುಖ ಹೇಗಿತ್ತು, ಎಲ್ಲ ಇತ್ತು. ಉಪ್ಪು ಇರಲಿಲ್ಲ. ಹುಳಿ ಇರಲಿಲ್ಲ. ಐದು ಕಡೆಯಲ್ಲಿ ಒಂದು ಕಡೆಯೂ ನಾಲಿಗೆಯ ಸುದ್ದಿಯೇ ಇರಲಿಲ್ಲ. ಕಚೇರಿಯ ಕಾಗದವನ್ನೂ ಬಿಡಿಸಿದಳು. “ಬರೆದವರು ಪ್ರತಿಯೊಂದು ಕಡೆಯೂ ಸ್ವತಃ ತಿಂದು ನೋಡಿದ್ದಾರೆ” ಎಂಬ ಅಚ್ಚಿನ ಸಾಲಿನ ಕೆಳಗೆ ಇಲಿಯ ಸಹಿ ಇರಬೇಕಾದ ಜಾಗ ಖಾಲಿ. ಮರೆತಿರಬೇಕು ಎಂದುಕೊಂಡಿದ್ದಳು ಬೆಳಿಗ್ಗೆ.

ದುಡ್ಡು ಕೊಟ್ಟು ಹೊರಬಂದರು. ಇಬ್ಬರೂ ಮಾತಿಲ್ಲದೆ ನಡೆದರು. ಸ್ವಲ್ಪ ದೂರ ಹೋಗಿ ಮೆಕ್ಯಾನಿಕ್ ನಿಂತು ಹೆಂಡತಿಯ ಮುಖ ನೋಡಿದ.

“ಏನು?”

“ಹತ್ತಾಯ್ತು. ಇದು ಹನ್ನೊಂದು,” ಎಂದ ಅವನು.

ಅಕ್ಕ ಅಲ್ಲೇ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತುಬಿಟ್ಟಳು. “ತಿನ್ನದೇನೇ ಇಷ್ಟು ಬರೆದಿದ್ದಾಳಲ್ಲ ರೀ!” ಎಂದಳು. ಬೈಗುಳ ಬರಬೇಕಿದ್ದ ಬಾಯಲ್ಲಿ ಹೆಮ್ಮೆಯೇ ಮೊದಲು ನುಗ್ಗಿ ಬಂದಿತ್ತು.

“ಬರೆದಿದ್ದೆಲ್ಲ ನಿಜ ತಾನೆ? ಅವಳ ಕೈಲಿ ಸಹಿ ಹಾಕಿಸಿಬಿಡು.”

“ಸುಳ್ಳು ಸಹಿಯಿಂದ ಶುರು ಮಾಡಿಸ್ಲಾ ಮೊದಲನೇ ಕೆಲಸಾನ? ಆ ಯಜಮಾನಿ ‘ಸೂಪು ಖಾರವಾ’ ಅಂತ ಒಂದು ಮಾತು ಕೇಳಿದ್ರೆ ಮುಗೀತು.”

ಎರಡು ದಿನದ ನಡಿಗೆಯನ್ನು ಆ ಸಂಜೆಯೊಳಗೇ ಮುಗಿಸುವಂತೆ ಉಳಿದ ಮೂರು ಕಡೆಗೂ ಹೋದರು. ಕರಿದ ಮೀನು, ದೋಣಿಯೊಳಗಿನ ಮೊಟ್ಟೆಯಂಗಡಿ, ಸೇಬಿನ ಕೇಕು. ನಕ್ಷೆ ಎಲ್ಲೂ ಕೈಕೊಡಲಿಲ್ಲ. ಎಲ್ಲ ಕಡೆಯೂ ಅಕ್ಕನೇ ಕೂಗಿ ತರಿಸಿದಳು, ಉಪ್ಪು ಕೇಳಿದಳು, ಬಿಸಿ ಮಾಡಿಸಿದಳು. ಕೇಕಿನ ಅಂಗಡಿಯಲ್ಲಿ ಅವಳಿಗೆ ತನ್ನ ಧ್ವನಿ ತನಗೇ ಕೇಳಿಸಿತು. ಇಲಿಗೆ ಐದು ವರ್ಷವಿದ್ದಾಗ ಐಸ್‌ಕ್ರೀಮಿನವನು “ಯಾವುದು ಬೇಕು ಪುಟ್ಟಿ” ಎಂದರೆ ಅಕ್ಕ “ಅವಳಿಗೆ ಬಿಳಿದು.” ಹತ್ತು ವರ್ಷಕ್ಕೆ ಡಾಕ್ಟರು “ಎಲ್ಲಿ ನೋವು” ಎಂದರೆ ಅಕ್ಕ “ಅವಳಿಗೆ ಹೊಟ್ಟೆಯಲ್ಲಿ.” ಹೋದ ತಿಂಗಳು, ಇಪ್ಪತ್ತೆರಡು ವರ್ಷಕ್ಕೆ, ಹೋಟೆಲಿನಲ್ಲಿ ಅಕ್ಕ “ಅವಳಿಗೆ ಖಾರ ಬೇಡ.” ಈ ಹುಡುಗಿ ಬಾಯಿ ತೆರೆಯಲು ಜಾಗವಾದರೂ ಎಲ್ಲಿತ್ತು?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಸ್ಟೆಲ್ಲಿನ ಬಾಗಿಲು ತಟ್ಟಿದಳು. ಇಲಿ ತೆರೆದು, ಅಕ್ಕನ ಮುಖ ನೋಡಿ, ತಲೆ ತಗ್ಗಿಸಿತು.

“ಗೊತ್ತಾಯ್ತಾ?”

“ಸೊಂಟ ಬಿದ್ದುಹೋಗೋ ಹಾಗೆ ನೆಲ ಒರೆಸಿದ್ದಾರಂತೆ ಅಲ್ಲಿ. ಗೊತ್ತಾಗದೆ ಇರುತ್ತಾ?”

“ಸಹಿ ಮರೆತಿದ್ದಲ್ಲ ಅಕ್ಕ,” ಎಂದಿತು ಇಲಿ, ನೆಲಕ್ಕೆ. “ಪೆನ್ನು ಇಟ್ಟರೂ ಹಾಕೋಕಾಗ್ಲಿಲ್ಲ. ಒಳಗೆ ಹೋಗೋಣ ಅಂತ ದಿನಾ ಹೋದೆ. ಅವರು ಕೇಳಿದ ಕೂಡ್ಲೇ ಏನೂ ಬೇಡ ಅನ್ನಿಸಿಬಿಡುತ್ತೆ.”

ಅಕ್ಕನಿಗೆ ಆ ಖಾಲಿ ಜಾಗವೇ ಯಾವ ಸಹಿಗಿಂತಲೂ ದೊಡ್ಡದಾಗಿ ಕಂಡಿತು. “ಚಪ್ಪಲಿ ಹಾಕ್ಕೋ,” ಎಂದಳು. “ಐದು ಅಂಗಡಿ, ಸಂಜೆ ಬಸ್ಸು ಹೊರಡೋದರೊಳಗೆ. ನೀನೇ ಕೇಳಬೇಕು, ನೀನೇ ತಿನ್ನಬೇಕು. ನಾನು ತುಟಿ ಬಿಚ್ಚಲ್ಲ.”

“ನೀನಾ?” ಎಂದರು ತಂಗಿ, ಗಂಡ ಇಬ್ಬರೂ ಒಟ್ಟಿಗೆ.

ಬೇಕರಿಯ ಹೊಸ್ತಿಲಲ್ಲಿ ಅಕ್ಕ ಪಟ್ಟಿಯಿಂದ ನಾಲ್ಕು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಬೇರೆ ದಾರಿಯಿರಲಿಲ್ಲ. ಬೇಕರಿಯವನು “ಏನು ಕೊಡ್ಲಿ?” ಎಂದ. ಇಲಿ ಅಕ್ಕನನ್ನು ನೋಡಿತು. ಅಕ್ಕ ಸೀಲಿಂಗ್ ಫ್ಯಾನ್ ನೋಡಿದಳು. “ಬ್ರೆ...” ಎಂದಿತು ಇಲಿ. “ಜೋರಾಗಿ ಹೇಳಮ್ಮ, ಮಿಕ್ಸರ್ ಓಡ್ತಿದೆ.” ಕೊನೆಗೆ ಬೆರಳು ತೋರಿಸಿ, ತೋರಿಸಿದ್ದರ ಪಕ್ಕದ್ದು ಬಂದು, ಬೇಡದ ಸಿಹಿ ಬನ್ನನ್ನು ಇಲಿ ತಲೆ ತಗ್ಗಿಸಿ ತಿಂದಿತು. ಅಕ್ಕನ ಗಂಟಲಲ್ಲಿ ನಾಲ್ಕು ವಾಕ್ಯ ಸಾಲುಗಟ್ಟಿ ನಿಂತಿದ್ದವು. ಸೂಜಿ ಗಟ್ಟಿಯಾಗಿ ಕಚ್ಚಿದಳು.

ಬನ್ನು ಮುಗಿಸಿ ಇಲಿ ಎದ್ದು ಮತ್ತೆ ಗಾಜಿನ ಮುಂದೆ ಹೋಗಿ ನಿಂತಿತು. “ಬ್ರೆಡ್ಡು. ಇದಲ್ಲ, ಅದು.” ಈ ಸಲ ಬಂತು. ಮೆಕ್ಯಾನಿಕ್ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ.

ಮೀನಿನಲ್ಲಿ ಎರಡು ಮಾತು. ಮೊಟ್ಟೆಗೆ ಒಂದು ಪೂರ್ತಿ ವಾಕ್ಯ. ಕೇಕಿನವಳೊಡನೆ “ತಣ್ಣಗಾಗಿದೆ, ಬಿಸಿ ಮಾಡ್ತೀರಾ?” ಎಂದಾಗ ಇಲಿಯ ಕಿವಿ ಕೆಂಪಾಗಿತ್ತು, ಆದರೆ ತಟ್ಟೆಯನ್ನು ಅವಳ ಮುಂದಕ್ಕೆ ಚಾಚಿಯೇ ನಿಂತಿತ್ತು.

“ಇನ್ನೊಂದು ಅಂಗಡಿ ಇದ್ರೆ ನನ್ನ ಬೆಲ್ಟು ಕಿತ್ತುಹೋಗುತ್ತೆ,” ಎಂದ ಮೆಕ್ಯಾನಿಕ್. ಇನ್ನೊಂದಿತ್ತು.

ಸೂಪಿನಾಕೆ ನೀಲಿ ಚೀಲ ಕಂಡದ್ದೇ ತಡ, ಸೌಟು ಬಿಟ್ಟು ಒದ್ದೆ ಬಟ್ಟೆ ಕೈಗೆತ್ತಿಕೊಂಡಳು. ಹಿಂದಿನ ದಿನದ ವಿವರಣೆ ಅವಳ ಮನಸ್ಸಿಗೆ ಪೂರ್ತಿ ಇಳಿದಿರಲಿಲ್ಲ. ಅಕ್ಕನನ್ನು ನೋಡಿ, “ಇವರಿಗೇನು ಬೇಕಂತೆ?” ಎಂದು ಕೇಳಿದಳು.

ಹದಿನೇಳು ವರ್ಷದಿಂದ ಊರೆಲ್ಲ ಕೇಳಿದ ಅದೇ ಪ್ರಶ್ನೆ. ಅಕ್ಕನ ನಾಲಿಗೆ ಎದ್ದೇ ಬಿಟ್ಟಿತು. ಸೂಜಿಗಳಿದ್ದವು, ಬಚಾವು. ತನ್ನ ತುಟಿಯತ್ತ ಬೆರಳು ತೋರಿಸಿ, ತಂಗಿಯ ಕಡೆ ಕೈ ಮಾಡಿದಳು.

“ನಾನು ಇನ್‌ಸ್ಪೆಕ್ಟರ್ ಅಲ್ಲ,” ಎಂದಿತು ಇಲಿ. ಮೂಲೆಯ ಮೇಜಿಗೂ ಕೇಳುವಷ್ಟಿತ್ತು ಧ್ವನಿ. “ನಂಗೆ ಸೂಪು ಬೇಕು. ಖಾರ ಜಾಸ್ತಿ ಹಾಕಿ.”

ಖಾರ! ಅಕ್ಕ ಒಂದು ಸೂಜಿ ನುಂಗಿಯೇ ಬಿಡುತ್ತಿದ್ದಳು.

ಇಲಿ ನಿಧಾನವಾಗಿ ತಿಂದಿತು. ಮೂಗು ಒರೆಸಿಕೊಂಡಿತು. ಚೀಲದಿಂದ ಡೈರಿ ತೆಗೆಯಿತು, ಆದರೆ ಬರೆಯುವ ಮೊದಲು ಸೂಪಿನಾಕೆಯನ್ನು ನೇರ ನೋಡಿತು. “ತುಂಬ ಚೆನ್ನಾಗಿದೆ. ಉಪ್ಪು ಒಂದು ಚಿಟಿಕೆ ಕಡಿಮೆ.”

ಸೂಪಿನಾಕೆ ಪಾತ್ರೆಯಿಂದ ಅಂಗೈಗೆ ತೊಟ್ಟು ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, ತೆರೆದಳು. “ನಿಜ,” ಎಂದಳು. “ನೀನು ಇನ್‌ಸ್ಪೆಕ್ಟರೇ ಕಣಮ್ಮ.”

ಅದೇ ಮೇಜಿನ ಮೇಲೆ ಇಲಿ ಖಾಲಿ ಜಾಗದಲ್ಲಿ ಸಹಿ ಹಾಕಿತು. ಕೆಳಗೆ ಮೆಕ್ಯಾನಿಕ್, ಅವನ ಕೆಳಗೆ ಅಕ್ಕ. ಹೊರಗೆ ಬಂದು ಹತ್ತು ಹೆಜ್ಜೆ ಮೂವರೂ ಮಾತಾಡಲಿಲ್ಲ. ಹನ್ನೊಂದಕ್ಕೆ ಅಕ್ಕ ಸೂಜಿ ತೆಗೆದಳು, ಬಾಯಿ ತೆರೆದಳು, ಬಸ್ ಬರುವವರೆಗೂ ಮುಚ್ಚಲಿಲ್ಲ.

ಸೋಮವಾರ ಹನ್ನೊಂದೂವರೆಗೆ ಕತ್ತರಿ ಮೇಜಿನ ಮೇಲೆ ಫೋನು ಬಡಿದುಕೊಂಡಾಗ ಅಕ್ಕನ ಬಾಯಲ್ಲಿ ಮತ್ತೆ ನಾಲ್ಕು ಸೂಜಿ, ಕೈಯಲ್ಲಿ ನಲವತ್ತು ಪದರದ ಬಟ್ಟೆ. ಗುಂಡಿಗೆ ಕಾಜಾ ಹೊಲಿಯುವವಳು ಫೋನೆತ್ತಿ ಸ್ಪೀಕರಿಗೆ ಹಾಕಿದಳು.

“ಅಕ್ಕ, ಅವರು ನೂರೆಂಟು ಕೇಳಿದ್ರು. ಬ್ರೆಡ್ಡು ಎಷ್ಟು ಹೊತ್ತು ಗರಿಗರಿ ಇರುತ್ತೆ, ಮೀನಲ್ಲಿ ಮುಳ್ಳು ಎಷ್ಟು. ಸೂಪು ಖಾರವಾ ಅಂದ್ರು. ಜಾಸ್ತಿ ಹಾಕ್ಸಿಕೊಂಡು ತಿಂದೆ ಅಂದೆ. ನಕ್ಕರು. ನಿನ್ನೆ ತನಕ ಎಲ್ಲೂ ತಿಂದಿರಲಿಲ್ಲ ಅಂತಾನೂ ಹೇಳಿಬಿಟ್ಟೆ. ಅವರು ಇಡೀ ನಕ್ಷೆ ಇನ್ನೊಂದ್ಸಲ ಓದಿದ್ರು. ನಾಳೆಯಿಂದ ಬಾ ಅಂದ್ರು ಅಕ್ಕ. ಮುಂದಿನ ವಾರ ಹೊಳೆಯಾಚೆ ಬೀದಿಗಳು, ಎಂಟು ಅಂಗಡಿ...”

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಇಲಿ ಮಾತಾಡುತ್ತಲೇ ಇತ್ತು. ಸೂಜಿ ತೆಗೆಯುವುದೇನು ದೊಡ್ಡ ಕೆಲಸವಾಗಿರಲಿಲ್ಲ, ಅಕ್ಕ ತೆಗೆಯಲಿಲ್ಲ. ಕೋಣೆಯ ಒಬ್ಬೊಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದಳು, ಕೇಳಿದಿರಾ ಎನ್ನುವ ಹಾಗೆ.

“ಅಕ್ಕ, ಇದ್ದೀಯಾ?”

“ಹ್ಞೂಂ,” ಎಂದಳು ಅಕ್ಕ, ಸೂಜಿಗಳ ನಡುವಿನಿಂದ.