ಇಂಗ್ಲಿಷಿನಲ್ಲಿ ಗಂಡನ ಹೆಸರು

ಗಾವಡಗೆರೆ ಮಹಿಳಾ ಸಮಾಜದ ಅಧ್ಯಕ್ಷರು ಪುಟ್ಟಮಲ್ಲಪ್ಪನವರು. ಮಹಿಳಾ ಸಮಾಜಕ್ಕೆ ಗಂಡಸು ಅಧ್ಯಕ್ಷನಾಗಿರುವುದು ಊರಿನಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಸಮಾಜ ಸೇರುವ ಪಡಸಾಲೆ ಅವರದು, ಕೂರುವ ಚಾಪೆ ಅವರದು, ಎದುರಿಗಿನ ದಿನಸಿ ಅಂಗಡಿಯೂ ಅವರದೇ. ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಹೆಂಗಸರ ಪ್ರಗತಿಯ ಮೇಲೆ ಒಂದು ಕಣ್ಣಿಟ್ಟಿರಬಹುದಾಗಿತ್ತು.

ಹೊಸ ಮೈಸೂರು ರಾಜ್ಯವಾದ ಮಾರನೆಯ ವರ್ಷ ಹುಣಸೂರಿನ ಬಸ್ಸಿನಿಂದ ವಿಮಲಮ್ಮ ಎಂಬ ಟೀಚರು ಬಂದಿಳಿದರು. ಹಳ್ಳಿಯ ಹೆಂಗಸರಿಗೆ ಇಂಗ್ಲಿಷು ಕಲಿಸುವುದು ಅವರ ಕೆಲಸ. ಅದೂ ಹಳೆಯ ಅಕ್ಷರಮಾಲೆಯಿಂದಲ್ಲ, ಆಧುನಿಕ ಜೀವನದ ಪಾಠಗಳಿಂದ. ಸರ್ಕಾರ ಕೊಟ್ಟ ಪುಸ್ತಕದಲ್ಲಿ ಮೊದಲ ಪಾಠ ರೆಫ್ರಿಜರೇಟರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಾವು ಬೆಣ್ಣೆಯನ್ನು ರೆಫ್ರಿಜರೇಟರಿನಲ್ಲಿಡುತ್ತೇವೆ ಎಂಬುದನ್ನು ಹೆಂಗಸರು ರಾಗಿ ಬೀಸುವ ರಾಗದಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ನಿಂಗಯ್ಯನ ಹೆಂಡತಿ ಕುಳ್ಳಮ್ಮ ಮಾತ್ರ, ನೆನ್ನೆಯ ಸಾರು ಇವತ್ತಿಗೆ ಉಳಿಯುವುದು ಯಾರ ಮನೆಯಲ್ಲಿ ಎಂದು ಕೇಳಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಎರಡನೆಯ ಪಾಠ ಲಿಫ್ಟು. ಅಟ್ಟಕ್ಕಿಂತ ಎತ್ತರದ ಜಾಗ ಊರಿನಲ್ಲಿ ಇಲ್ಲದ್ದರಿಂದ ಅದು ಬೇಗ ಮುಗಿಯಿತು.

ಮೂರನೆಯದು ಟೆಲಿಫೋನು. ಆ ಮಾತು ಕಿವಿಗೆ ಬಿದ್ದದ್ದೇ ಪುಟ್ಟಮಲ್ಲಪ್ಪನವರು ಬೆಲ್ಲ ತೂಗುತ್ತಿದ್ದ ತಕ್ಕಡಿಯನ್ನು ಕೆಳಗಿಟ್ಟರು. ಈ ಭಾಗದ ಒಂದೇ ಒಂದು ಹಳ್ಳಿಗೆ ಟೆಲಿಫೋನು ಹಾಕುತ್ತಾರೆ, ಯಾವ ಊರು ಹೆಚ್ಚು ಮುಂದುವರಿದಿದೆ ಎಂದು ನೋಡಲು ಬೆಂಗಳೂರಿನಿಂದ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಆ ಟೆಲಿಫೋನು ತಮ್ಮ ಅಂಗಡಿಯ ಗೋಡೆಗೆ ಬರಬೇಕು. ಬರದಿದ್ದರೆ ಅದು ಹಾರನಹಳ್ಳಿಗೆ, ಅಂದರೆ ಷಡ್ಡಕ ನೀಲಕಂಠಸ್ವಾಮಿಯ ಅಂಗಡಿಗೆ ಹೋಗುತ್ತದೆ. ಷಡ್ಡಕನಿಗೆ ಸ್ವರ್ಗ ಸಿಕ್ಕಿದರೆ ಸಹಿಸಿಕೊಳ್ಳಬಹುದು, ಟೆಲಿಫೋನು ಸಿಕ್ಕಿದರೆ ಸಹಿಸಲಾಗದು.

ಪಾಠ ಮೊದಲನೇ ದಿನವೇ ನಿಂತುಹೋಯಿತು. ಪುಸ್ತಕದ ಹೆಂಗಸು ಅಂಗಡಿಯಲ್ಲಿರುವ ತನ್ನ ಗಂಡನಿಗೆ ಫೋನು ಮಾಡುತ್ತಾಳೆ. ಯಾರು ಬೇಕು ಎಂದು ಕೇಳಿದರೆ ಹೆಸರು ಹೇಳಬೇಕು. ವಿಮಲಮ್ಮ ಒಬ್ಬೊಬ್ಬರನ್ನೇ ಎಬ್ಬಿಸಿದರು. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡಿದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ. ನಮ್ಮ ಬೋರನ ಅಪ್ಪ ಬೇಕು ಅಂತ ಬರಕೊಳ್ಳಿ ಎಂದಳು ಕುಳ್ಳಮ್ಮ. ಮೈಸೂರಿನಲ್ಲಿ ಎಷ್ಟು ಜನ ಬೋರಂದಿರ ಅಪ್ಪಂದಿರಿದ್ದಾರೆ ಗೊತ್ತೇನಮ್ಮ ಎಂದು ಟೀಚರು ತಲೆ ಚಚ್ಚಿಕೊಂಡರು.

ದೂರು ಅಧ್ಯಕ್ಷರ ಬಳಿಗೆ ಬಂತು. ಮೊದಲು ಅವರು ಸಂಪ್ರದಾಯ ದೊಡ್ಡದು ಎಂದರು. ಆಮೇಲೆ ಹಾರನಹಳ್ಳಿ ನೆನಪಾಯಿತು. ವಿಭೂತಿ ಒರೆಸಿಹೋಗುವಷ್ಟು ಹಣೆ ಉಜ್ಜಿಕೊಂಡು ಯೋಚಿಸಿ, ಸಂಜೆಯ ಹೊತ್ತಿಗೆ ತೀರ್ಪು ಕೊಟ್ಟರು.

“ಇಂಗ್ಲಿಷ್‌ನಲ್ಲಿ ಯೋಳಿದ್ರೆ ಯೋಳ್ದಂಗಲ್ಲ ಕಣ್ರಮ್ಮ. ಆಯಸ್ಸಿನ ಲೆಕ್ಕ ನೋಡೋನಿಗೆ ಇಂಗ್ಲಿಷ್ ಬರಾಕಿಲ್ಲ.”

ಧರ್ಮಶಾಸ್ತ್ರದಲ್ಲಿ ಇಷ್ಟು ಬೇಗ ಜಾರಿಗೆ ಬಂದ ತೀರ್ಪು ಇನ್ನೊಂದಿರಲಾರದು. ಮಾರನೆಯ ದಿನವೇ ಬಾವಿಕಟ್ಟೆಯ ಮೇಲೆ, ನಿಂಗಯ್ಯ ಈಸ್ ಸ್ಲೀಪಿಂಗ್ ಎಂದು ಕುಳ್ಳಮ್ಮ ಸಾರಿದಳು. ಜೀವಮಾನವೆಲ್ಲ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೆಸರುಗಳು ಒಂದೊಂದಾಗಿ ಈಚೆಗೆ ಬಂದವು. ಯಾರು ಕುಡಿದು ಬಂದ, ಯಾರು ಗೊರಕೆ ಹೊಡೆದ, ಯಾರು ಅತ್ತೆಗೆ ಹೆದರಿದ ಎಂಬುದೆಲ್ಲ ಇಂಗ್ಲಿಷಿನಲ್ಲಿ ಬಯಲಾಯಿತು. ಇಂಗ್ಲಿಷು ಸಾಲದ ಕಡೆ ಕನ್ನಡವನ್ನೇ ಸೇರಿಸಿ, ಕೊನೆಗೊಂದು ಥ್ಯಾಂಕ್ ಯೂ ಹಾಕಿ ಪಾಪ ಕಳೆದುಕೊಂಡರು.

ನಿಂಗಯ್ಯ ಅಂಗಡಿಗೆ ಬಂದು ಕಂಬಕ್ಕೊರಗಿದ. “ಬೀದೀಲಿ ತಲೆ ಎತ್ತಾಕಾಗಾಕಿಲ್ಲ ಯಜಮಾನ್ರೇ. ನಮ್ ನಾಯಿಗಿರೋ ಮರ್ವಾದಿ ನನಗಿಲ್ಲ.”

“ಸಾಯೇಬ್ರು ಬಂದೋಗೋಗಂಟ ತಡ್ಕೊ ಕಣ್ಲಾ,” ಎಂದರು ಪುಟ್ಟಮಲ್ಲಪ್ಪ. ಅವರಿಗೆ ಸಮಾಧಾನವಾಗಿಯೇ ಇತ್ತು, ಏಕೆಂದರೆ ಅವರ ಹೆಂಡತಿ ವೀರಮ್ಮ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಪಾಠ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಹೆಸರಿನ ಜಾಗ ಬಂದಾಗ ಸುಮ್ಮನೆ ನಿಲ್ಲುತ್ತಿದ್ದಳು. ಆದರೆ ಸಾಹೇಬರ ಮುಂದೆ ಅಧ್ಯಕ್ಷರ ಹೆಂಡತಿಯೇ ಮಾತಾಡಬೇಕೆಂದು ವಿಮಲಮ್ಮ ಹಟ ಹಿಡಿದರು. ಪುಟ್ಟಮಲ್ಲಪ್ಪನವರು ಊಟಕ್ಕೆ ಕೂತಾಗ, ಹೆಸರು ಹೇಳಲು ಹೆಂಡತಿಗೆ ಅಪ್ಪಣೆ ಕೊಟ್ಟರು. ವೀರಮ್ಮ ಮುದ್ದೆ ಬಡಿಸುತ್ತ, ಪುಸ್ತಕದಲ್ಲಿ ಗಂಡನೂ ಉತ್ತರ ಕೊಡುತ್ತಾನೆ, ಅವನೂ ಹೆಂಡತಿಯ ಹೆಸರು ಹಿಡಿದೇ ಮಾತಾಡುತ್ತಾನೆ ಎಂದಳು. ಅದನ್ನು ಟೀಚರಮ್ಮ ನೋಡಿಕೊಳ್ಳುತ್ತಾರೆ ಬುಡು ಎಂದು ಅವರು ಕೈ ತೊಳೆದರು.

ಸಾಹೇಬರು ಜೀಪಿನಲ್ಲಿ ಬಂದರು. ಬಡಗಿಯ ಕೈಯಲ್ಲಿ ಮಾಡಿಸಿ ಕಪ್ಪು ಬಳಿಸಿದ್ದ ಎರಡು ಮರದ ಟೆಲಿಫೋನುಗಳು ಮೇಜಿನ ಮೇಲೆ ಕೂತಿದ್ದವು. ವೀರಮ್ಮ ಒಂದನ್ನು ಎತ್ತಿಕೊಂಡಳು. ಇನ್ನೊಂದಕ್ಕೆ ವಿಮಲಮ್ಮ ಕೈ ಚಾಚುವಷ್ಟರಲ್ಲಿ ಸಾಹೇಬರಿಗೆ ಉತ್ಸಾಹ ಬಂತು. ನಿಜವಾದ ಗಂಡನೇ ಇರುವಾಗ ನಾಟಕವೇಕೆ ಎಂದು ಅದನ್ನು ಅಧ್ಯಕ್ಷರ ಕೈಗೆ ಕೊಟ್ಟರು.

“ಹಲೋ,” ಎಂದಳು ವೀರಮ್ಮ. “ಐ ವಾಂಟ್ ಟು ಸ್ಪೀಕ್ ಟು ಪುಟ್ಟಮಲ್ಲಪ್ಪ.”

ಮದುವೆಯಾದಾಗಿನಿಂದ ಆ ಬಾಯಲ್ಲಿ ಅವರು ಕೇಳಿದ್ದು ‘ಏನಂದ್ರೆ’ ಎಂಬುದೊಂದೇ. ಈಗ ತಮ್ಮ ಹೆಸರು ಬೇರೆ ಯಾರದೋ ಹೆಸರಿನಂತೆ ಕೇಳಿಸಿತು. ಆ ಬೇರೆಯವನು ಸ್ವಲ್ಪ ಚಿಕ್ಕವನಂತೆಯೂ ಇದ್ದ. ಹಿಂದಿನಿಂದ ವಿಮಲಮ್ಮ ಉಸುರಿದರು: ಯೆಸ್ ವೀರಮ್ಮ ಅನ್ನಿ, ಅಷ್ಟೇ. ಅಷ್ಟೇ ಎನ್ನುವುದು ಟೀಚರಿಗೆ ಸುಲಭ. ಪುಟ್ಟಮಲ್ಲಪ್ಪನವರು ಹೆಂಡತಿಯನ್ನು ‘ಇವಳೇ’ ಎಂದೇ ಕರೆದವರು. ಆ ಹೆಸರನ್ನು ನಾಲಗೆಯ ಮೇಲೆ ಇಟ್ಟುಕೊಂಡವರೇ ಅಲ್ಲ.

“ಪುಟ್ಟಮಲ್ಲಪ್ಪ, ಆರ್ ಯು ದೇರ್?”

ಅವರು ಮರದ ಫೋನನ್ನು ಕಿವಿಗೊತ್ತಿಕೊಂಡರು. ಬಾಯಿ ತೆರೆದರೆ ಹೊರಟದ್ದು ಅಂಗಡಿಯವರ ಹಳೆಯ ಮಾತು: “ಅಂಗಡೀಲಿಲ್ಲ ಅಂತ ಯೋಳು.”

ಹೆಂಗಸರು ನಕ್ಕರು. ಸಾಹೇಬರು ನಗಲಿಲ್ಲ. ಇನ್ನೊಂದು ಸಲ ಪ್ರಯತ್ನ ಮಾಡಿ ಎಂದರು. ಪುಟ್ಟಮಲ್ಲಪ್ಪನವರು ಕೆಮ್ಮಿದರು, ರುಮಾಲು ಸರಿಮಾಡಿಕೊಂಡರು, ಮತ್ತೆ ಕೆಮ್ಮಿದರು. ವೀರಮ್ಮ ಅವರ ಮುಖವನ್ನೇ ನೋಡುತ್ತ ತನ್ನ ಕೈಯ ಫೋನನ್ನು ಮೆತ್ತಗೆ ಇಟ್ಟುಬಿಟ್ಟಳು.

ಹೊರಡುವಾಗ ಸಾಹೇಬರು, ಊರು ಮುಂದುವರಿದಿದೆ, ಟೆಲಿಫೋನು ಇಲ್ಲಿಗೇ ಎಂದರು. ಪುಟ್ಟಮಲ್ಲಪ್ಪನವರು ಅಂಗಡಿಯ ಗೋಡೆಯತ್ತ ಕೈ ತೋರಿಸಿದರು.

“ಅಂಗಡಿಯವರೇ ಅಂಗಡಿಯಲ್ಲಿ ಇಲ್ಲ ಅಂದಮೇಲೆ ಅಲ್ಲಿ ಹಾಕಿ ಏನು ಮಾಡೋಣ?” ಎಂದರು ಸಾಹೇಬರು. “ಮಾತಾಡೋರು ಇರೋ ಕಡೆ ಇರಲಿ.”

ಹಾಗೆ ಟೆಲಿಫೋನು ಮಹಿಳಾ ಸಮಾಜದ ಪಡಸಾಲೆಗೆ ಬಂತು, ಅದರ ಬೀಗದ ಕೈ ವೀರಮ್ಮನ ಸೊಂಟಕ್ಕೆ ಬಂತು. ಮೊದಲ ಕರೆ ಹುಣಸೂರಿನ ಮಂಡಿಯಿಂದ. ಮೆಣಸಿನಕಾಯಿ ಲಾರಿ ಹೊರಟು ನಿಂತಿದೆ, ಗಾವಡಗೆರೆಗೆ ಬರಬೇಕೋ ಬೇಡವೋ ಈಗಲೇ ಹೇಳಬೇಕು. ಪುಟ್ಟಮಲ್ಲಪ್ಪನವರು ಅಂಗಡಿಯಿಂದ ಓಡಿಬಂದರು. ವೀರಮ್ಮ ರಿಸೀವರನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇವಳೇ, ಕೊಡಿಲ್ಲಿ.”

ಅವಳು ಅಲುಗಲಿಲ್ಲ. ಚಾಪೆಯ ಮೇಲಿನ ಹೆಂಗಸರು ಹೂ ಕಟ್ಟುವುದನ್ನು ನಿಲ್ಲಿಸಿದರು. ಅಧ್ಯಕ್ಷರು ಬೀದಿಯ ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ, ಸಾಲ ಕೇಳುವವರ ದನಿಯಲ್ಲಿ, ಅಂದರು:

“ವೀರಮ್ಮ.”

“ಏನಂದ್ರೆ,” ಎಂದು ಅವಳು ರಿಸೀವರು ಕೊಟ್ಟಳು.

ಈಗ ಅವರು ಹೇಳಿದ್ದು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಎಂದು ಕುಳ್ಳಮ್ಮ ಟೀಚರನ್ನು ಕೇಳಿದಳು. ವಿಮಲಮ್ಮ ಪುಸ್ತಕ ತಿರುವಿಹಾಕತೊಡಗಿದರು. ಪುಟ್ಟಮಲ್ಲಪ್ಪನವರು ರಿಸೀವರನ್ನು ತಲೆಕೆಳಗಾಗಿ ಹಿಡಿದು, ಲಾರಿ ಬರಲಿ ಎಂದು ಕೂಗುತ್ತಿದ್ದರು.